ಮೂವತ್ತೇಳನೆಯದು

ತೂಕಕ್ಕೆ ಹಾಕಿ ಸಾವ್ಕಾರ್ರೇ, ಅಂದಳು ಪಾಪಕ್ಕ.
ತಕ್ಕಡಿಗೆ ಬಿದ್ದವು ಒಂಟಿ ಕಾಲುಂಗುರ, ಕಡಿದ ಉಡಿದಾರ,
ಕುಂಕುಮ ಭರಣಿಯ ಮುಚ್ಚಳ,
ಕೊನೆಗೆ ಸೆರಗಿನ ಗಂಟು ಹಲ್ಲಲ್ಲಿ ಬಿಚ್ಚಿ
ಇದು.

ನಲವತ್ತು ವರ್ಷ ಶಿಡ್ಲಘಟ್ಟದ ಈ ಗಲ್ಲಿಯಲ್ಲಿ
ಬೆಳ್ಳಿ ಕರಗಿಸಿದ್ದೇನೆ.
ಯಾವ ದೇವರ ಮುಖವೂ ನನ್ನ ಮೂಸೆಯಲ್ಲಿ
ಅರೆಗಳಿಗೆ ಮೀರಿ ನಿಂತದ್ದಿಲ್ಲ.
ಇದನ್ನು ಕಂಡು ಊದುಕೊಳವೆ ಕೆಳಗಿಟ್ಟೆ.

ಒಂದು ತೊಲ. ಅಂಚಿಗೆ ಹಿಪ್ಪುನೇರಳೆ ಎಲೆಯ ಸಾಲು.
‘ನೂಲು ಬಿಚ್ಚುವವರ ಸಂಘ, ಇಪ್ಪತ್ತೈದನೆಯ ವರ್ಷ’.
ಆ ಕೊನೆಯ ಅರ್ಕಾವೊತ್ತು ಜಾಗ ಸಾಲದೆ
ಎಲೆಯ ಮೇಲೆ ಹತ್ತಿ ಕೂತಿದೆ.
ನಡುವೆ ಚಿಟ್ಟೆ.

ಗೂಡಲ್ಲ, ಚಿಟ್ಟೆ.

ಅಚ್ಚು ಕೊರೆಸಲು ಸಂಘದವರು ಹೋದದ್ದು
ಮುದ್ರೆ ದಸ್ತಗೀರ್ ಸಾಬರ ಬಳಿಗೆ.
ಅಕ್ಕಿ ಗಿರಣಿ, ಚೇರ್ಮನ್, ಸಬ್‌ರಿಜಿಸ್ಟ್ರಾರ್
ಊರಿನ ಹೆಸರುಗಳನ್ನೆಲ್ಲ ತಿರುಗಾಮುರುಗಾ ಬರೆದು ಬದುಕಿದವರು.
ಆ ಹೊತ್ತಿಗೆ ಅವರ ಎರಡೂ ಕಣ್ಣಿಗೆ ಪೊರೆ.
ಊರಿಗೆ ಗೊತ್ತಿರಲಿಲ್ಲ.
ಬೆಳ್ಳಿಬಿಲ್ಲೆ ತೂಗಿಕೊಡಲು ಹೋದ ನನ್ನಪ್ಪ
ಪರದೆಯ ಸಂದಿಯಲ್ಲಿ ಕಂಡಿದ್ದ:
ಮಗಳು ಖಮರುನ್ನೀಸಾ, ಮೊಣಕಾಲಿಗೆ ಲಾಟೀನು ಆನಿಸಿ,
ಉಕ್ಕಿನ ಮೇಲೆ ಉಸಿರು ಬಿಗಿಹಿಡಿದು ಬಾಗಿದ್ದಳು.

ಅಧ್ಯಕ್ಷ ಪಿಳ್ಳಮುನಿಶಾಮಪ್ಪ ಕೇಳಿದ್ದು
ದುಂಡಗೆ ತುಂಬಿದ, ಕಲೆಯಿಲ್ಲದ ಗೂಡು.
ಅವಳು ಕೊರೆದದ್ದು ತುದಿ ತೂತಾದ ಗೂಡು,
ಅದರಿಂದ ಒದ್ದೆ ರೆಕ್ಕೆ ಎಳೆದುಕೊಂಡು
ಆಚೆ ಬರುತ್ತಿರುವ ಚಿಟ್ಟೆ,
ಕೂದಲಿಗಿಂತ ಸಣ್ಣ ಮೀಸೆ.

ಸಂಘದಲ್ಲಿ ಗದ್ದಲವೋ ಗದ್ದಲ.
ತೂತು ಗೂಡೆಂದರೆ ಕಡಿದ ಎಳೆ,
ಕಡಿದ ಎಳೆಯೆಂದರೆ ನಷ್ಟ.
ನಷ್ಟವನ್ನು ಬೆಳ್ಳಿಯಲ್ಲಿ ಹೊಡೆಸ್ತೀರೇನಯ್ಯ?
ದಸ್ತಗೀರ್ ಸಾಬರು ಅಚ್ಚಿನ ಮೇಲೆ ಬೆರಳಾಡಿಸಿ
ಆಗಷ್ಟೇ ತಿಳಿದುಕೊಂಡರು ಅಲ್ಲೇನಿದೆ ಎಂದು.
ನಾನೇ ಕೊರೆದದ್ದು, ಅಂದರು. ಅಷ್ಟೇ ಅಂದದ್ದು.

ಸಮಾರಂಭಕ್ಕೆ ಎರಡೇ ದಿನ. ಬೇರೆ ಅಚ್ಚಿಗೆ ವೇಳೆಯಿಲ್ಲ.
ಜವಾನರ ಬಿಲ್ಲೆ ಒತ್ತುವ ತಿರುಪುಯಂತ್ರವನ್ನು
ಚಿಂತಾಮಣಿಯಿಂದ ಗಾಡಿಯಲ್ಲಿ ತಂದರು.
ನಾಲ್ಕು ಜನ ತೋಳು ಹಿಡಿದು ತಿರುಗಿಸಿದರು.
ಹನ್ನೊಂದನೆಯದಕ್ಕೆ ಅಚ್ಚು ಸೀಳು ಬಿಟ್ಟಿತು.
ಉಕ್ಕಿಗೆ ನೀರು ಕುಡಿಸುವಾಗ ಅವಸರ ಮಾಡಿದರು
ಎನ್ನುತ್ತಿದ್ದ ಅಪ್ಪ, ಪ್ರತಿ ಸಲ ನಾಲಿಗೆ ಲೊಚಗುಟ್ಟಿ.
ಮೀಸೆಯ ಬುಡದಲ್ಲಿ ಹುಟ್ಟಿದ ಸೀಳು
ಒತ್ತಿದಷ್ಟೂ ನಡೆಯಿತು,
ನಾಣ್ಯದಿಂದ ನಾಣ್ಯಕ್ಕೆ ಅರ್ಧ ಸಾಸಿವೆಯಷ್ಟು:
ಅಚ್ಚಿನಲ್ಲಿ ಬಿರುಕು, ಬೆಳ್ಳಿಯಲ್ಲಿ ಉಬ್ಬಿದ ಗೆರೆ.
ಮೂವತ್ತೇಳಕ್ಕೆ ಅಚ್ಚು ಎರಡು ಹೋಳು.
ಮಿಕ್ಕ ಸದಸ್ಯರಿಗೆ ಸ್ಟೀಲ್ ಲೋಟ ಕೊಟ್ಟು ಕೈಮುಗಿದರು.

ಖಮರುನ್ನೀಸಾ ಆಮೇಲೆ ಏನಾದಳು?
ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗೆರೆಯ ಉದ್ದ ಅಳೆದು
ಎಷ್ಟನೆಯದೆಂದು ಹೇಳಬಹುದು.
ಭೂತಗನ್ನಡಿ ಹಿಡಿದೆ.
ಮೀಸೆ ದಾಟಿ, ರೆಕ್ಕೆ ದಾಟಿ,
ಎಲೆಯೊಂದನ್ನು ಸೀಳಿ ಅಂಚು ಮುಟ್ಟಿದೆ.

ಯಾರದಮ್ಮ ಇದು?
ನಮ್ಮತ್ತೇದು. ಸಂಘದಲ್ಲಿ ಕಸ ಗುಡಿಸ್ತಿದ್ಲು.
ಕೆಟ್ಟೋಗಿದೆ ಅಂತ ಅವಳ ಕೈಗಾಕಿದ್ರಂತೆ.

ಇದನ್ನು ತೂಗಬಾರದು, ಅಂದೆ.
ಇಂಥದ್ದು ಹುಡುಕುವವರಿದ್ದಾರೆ, ಇಷ್ಟು ಕೊಡುತ್ತಾರೆ.
ನಾನು ಹೇಳಿದ ಮೊತ್ತಕ್ಕೆ ಅವಳು ನಗಲೂ ಇಲ್ಲ.
ನಾಣ್ಯ ತೆಗೆದುಕೊಂಡು ಗೆರೆಯ ಮೇಲೆ ಹೆಬ್ಬೆರಳಾಡಿಸಿದಳು.
ಚರಕದ ಮುಂದೆ ಬಿಸಿನೀರಲ್ಲಿ ಬೆಂದೂ ಬೆಂದೂ
ನುಣ್ಣಗಾದ ಹೆಬ್ಬೆರಳು,
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯದ್ದು.

ಬಿರುಕಾ ಇದು? ನಾನು ಎಳೆ ಅಂದ್ಕೊಂಡಿದ್ದೆ.
ಚಿಟ್ಟೆ ಆಚೆ ಬಂದ್ರೂ ಕಡೀಲಿಲ್ಲವಲ್ಲ ಅಂತ.

ಮತ್ತೆ ಸೆರಗಿನ ತುದಿ, ಮತ್ತೆ ಗಂಟು.
ಉಳಿದದ್ದಕ್ಕೆ ರಸೀತಿ ಬರೆದೆ: ಕಾಲುಂಗುರ, ಉಡಿದಾರ, ಮುಚ್ಚಳ.
ಒತ್ತಿದಳು.
ನೀಲಿ ಮಸಿಯ ಗುಂಡನೆ ಗುರುತು,
ಒಳಗೆ ಒಂದು ಗೆರೆಯೂ ಇಲ್ಲ,
ಅಚ್ಚಿಗೆ ಕಾದಿರುವ ಬಿಲ್ಲೆ.